ಶಾಕ್ ಎಂಬ ಹೆಸರಿಗೆ ಹೆದರಿ ರೋಗಿಯನ್ನು ಕಳೆದುಕೊಳ್ಳದಿರೋಣ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನನಗೆ ವಹಿಸಲಾಗಿರುವ ವಿಷಯವು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವಂಥದ್ದಲ್ಲ. ವರದಕ್ಷಿಣೆ, ದುಂದುವೆಚ್ಚದ ಮದುವೆ, ಬಡ್ಡಿ, ಮಕ್ಕಳ ಶಿಕ್ಷಣ ಮುಂತಾದುವುಗಳ ಕುರಿತು ನಾವು ಸಾಕಷ್ಟು ಮಾತನಾಡಿದ್ದೇವೆ. ಆದರೆ ಮನೆಯೊಳಗೆ ಒಬ್ಬರು ವಾರಗಟ್ಟಲೆ ಗೋಡೆಗೆ ಮುಖಮಾಡಿ ಮಲಗಿರುವಾಗ, ಊಟ ಬಿಟ್ಟಿರುವಾಗ, ಮಾತು ನಿಲ್ಲಿಸಿರುವಾಗ ಆ ಮನೆಯವರು ಏನು ಮಾಡಬೇಕು ಎಂಬ ಬಗ್ಗೆ ನಾವು ಬಾಯಿ ತೆರೆಯುವುದಿಲ್ಲ. ಕೊನೆಗೆ ಹೇಗೋ ಆಸ್ಪತ್ರೆಗೆ ತಲುಪಿದಾಗ ವೈದ್ಯರು, 'ಇವರಿಗೆ ಇ.ಸಿ.ಟಿ. ಅಗತ್ಯವಿದೆ' ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ವಿದ್ಯುತ್ ಕಂಪನ ಚಿಕಿತ್ಸೆ ಎನ್ನಲಾಗುತ್ತದೆ. ಜನರ ಬಾಯಲ್ಲಿ ಅದಕ್ಕಿರುವ ಹೆಸರು ಶಾಕ್ ಟ್ರೀಟ್‌ಮೆಂಟ್, ಅಥವಾ ಇನ್ನೂ ಒರಟಾಗಿ 'ಕರೆಂಟ್ ಕೊಡುವುದು'. ಆ ಮಾತು ಕಿವಿಗೆ ಬಿದ್ದೊಡನೆ ಕುಟುಂಬವು ಬೆಚ್ಚಿ ಬೀಳುತ್ತದೆ. ಕೆಲವರು ಅಂದೇ ರೋಗಿಯನ್ನು ಮನೆಗೆ ಕರೆತರುತ್ತಾರೆ. ಹಾಗೆ ಕರೆತಂದ ಮನೆಯಿಂದ ಕೆಲವೇ ದಿನಗಳಲ್ಲಿ ಜನಾಝ ಹೊರಟದ್ದೂ ಇದೆ.

ನಾನು ವೈದ್ಯನಲ್ಲ. ನನ್ನ ಸ್ವಂತ ಅಕ್ಕನಿಗೆ ಈ ಚಿಕಿತ್ಸೆ ನಡೆದಾಗ ಜೊತೆಗಿದ್ದವನು, ಆ ಬಳಿಕ ಈ ವಿಷಯವನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡವನು. ಯಾರಿಗೆ ಈ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆ ತೀರ್ಮಾನವನ್ನು ಕೈಗೊಳ್ಳಬೇಕಾದ ದಿನ ನಮ್ಮ ಕುಟುಂಬಗಳು ಸಿನಿಮಾ ನೋಡಿದ ಭಯದಿಂದಲೂ ನೆರೆಹೊರೆಯ ನಾಚಿಕೆಯಿಂದಲೂ ತೀರ್ಮಾನಿಸದೆ, ತಿಳಿದು, ಕೇಳಿ, ರೋಗಿಯ ಹಕ್ಕನ್ನು ಗೌರವಿಸಿ ತೀರ್ಮಾನಿಸಬೇಕೆಂಬುದಷ್ಟೇ ನನ್ನ ವಿನಂತಿ.

ರೋಗವೋ, ಈಮಾನಿನ ಕೊರತೆಯೋ?

ಮೊದಲು ರೋಗದ ಬಗ್ಗೆ. ಬೇಸರ ಎಲ್ಲರಿಗೂ ಆಗುತ್ತದೆ. ವ್ಯಾಪಾರದಲ್ಲಿ ನಷ್ಟವಾದರೆ, ಮಗಳ ಸಂಬಂಧ ಮುರಿದರೆ, ತಾಯಿ ತೀರಿಕೊಂಡರೆ ದುಃಖವಾಗದವನು ಮನುಷ್ಯನಲ್ಲ. ಆ ದುಃಖಕ್ಕೆ ಇ.ಸಿ.ಟಿ. ಬೇಡ, ಬಹಳಷ್ಟು ಸಲ ಮಾತ್ರೆಯೂ ಬೇಡ. ನಾನು ಹೇಳುತ್ತಿರುವುದು ತೀವ್ರ ಖಿನ್ನತೆಯ ಬಗ್ಗೆ. ಅದರಲ್ಲಿ ನಿದ್ದೆ ಕೆಡುತ್ತದೆ, ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ. ಒಂದು ಲೋಟ ನೀರು ಎತ್ತಿ ಕುಡಿಯುವುದೂ ಬೆಟ್ಟ ಹತ್ತಿದಂತಾಗುತ್ತದೆ. ಮಾಡದ ಪಾಪಕ್ಕೆ ತಾನು ನರಕಕ್ಕೆ ಹೋಗುವುದು ಖಚಿತವೆಂದು ಕೆಲವರು ನಂಬುತ್ತಾರೆ. ತನ್ನ ಕರುಳು ಕೊಳೆತಿದೆ, ಮನೆಯವರೆಲ್ಲ ಬೀದಿಗೆ ಬಿದ್ದಿದ್ದಾರೆ ಎಂಬಂಥ ಭ್ರಮೆಗಳೂ ಬರುತ್ತವೆ. ಕೆಲವರು ಕಲ್ಲಿನಂತೆ ಕುಳಿತುಬಿಡುತ್ತಾರೆ. ಸಾಯಬೇಕೆಂಬ ಯೋಚನೆ ಅವರನ್ನು ಬಿಟ್ಟೂ ಬಿಡದೆ ಕಾಡುತ್ತದೆ.

ಇಂಥವರಿಗೆ ನಾವು ಹೇಳುವುದೇನು? 'ನಿರಾಶರಾಗಬಾರದು, ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶೆ ಸತ್ಯವಿಶ್ವಾಸಿಗೆ ಸಲ್ಲದು' ಎನ್ನುತ್ತೇವೆ. ಮಾತು ಸತ್ಯವೇ. ಆದರೆ ಬೀಗಿದ ಕಾಲಿನವನಿಗೆ ನಡಿಗೆಯ ಪುಣ್ಯವನ್ನು ವಿವರಿಸಿದಂತೆ ಅದು ಆಗುತ್ತದೆ. ತನ್ನ ಈಮಾನ್ ಸರಿಯಿಲ್ಲವೆಂದು ಮೊದಲೇ ನಂಬಿ ನರಳುತ್ತಿರುವ ರೋಗಿಗೆ ಆ ಉಪದೇಶವು ಇನ್ನೊಂದು ಏಟಾಗಿ ಬೀಳುತ್ತದೆ. ಪ್ರವಾದಿ ಯಾಕೂಬ್(ಅ)ರು ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಿಂದ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳಬಲ್ಲರೇ? ದುಃಖವು ದೇಹವನ್ನು ಕೆಡಿಸಬಲ್ಲದು. ದೇಹದ ಕೇಡು ದುಃಖವನ್ನು ಹುಟ್ಟಿಸಲೂ ಬಲ್ಲದು.

ಇದು ನಮಗೆ ಹೊಸ ವಿಚಾರವೂ ಅಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಬರೆದ ಗ್ರಂಥದಲ್ಲಿ, ಕಾರಣ ತಿಳಿದಿರುವ ದುಃಖವನ್ನೂ ಕಾರಣವೇ ತಿಳಿಯದ, ದೇಹದೊಳಗಿನಿಂದ ಹುಟ್ಟುವ ದುಃಖವನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದರು. ಎರಡನೆಯದಕ್ಕೆ ಮಾತಿನ ಸಮಾಧಾನವಷ್ಟೇ ಸಾಲದು, ದೇಹಕ್ಕೂ ಔಷಧ ಬೇಕು ಎಂದು ಅವರು ತಿಳಿದಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಪಡೆಯಿರೆಂದೇ ಉತ್ತರಿಸಿದ್ದರು. ಆ ಉತ್ತರದಲ್ಲಿ ಮನಸ್ಸಿನ ರೋಗವನ್ನು ಹೊರಗಿಟ್ಟಿರಲಿಲ್ಲ.

ಆದರೂ ನಮ್ಮ ಸ್ಥಿತಿ ಏನಾಗಿದೆ? 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿರುವ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ 28 ಮನೋರೋಗಿಗಳು ಸತ್ತರು. ಸರಪಳಿಯಲ್ಲಿ ಬಂಧಿತರಾಗಿದ್ದ ಅವರು ಓಡಲಾರದೆ ಹೋದರು. ಅವರನ್ನು ಅಲ್ಲಿ ಬಿಟ್ಟುಬಂದವರು ಶತ್ರುಗಳಲ್ಲ, ಕುಟುಂಬದವರೇ. ವಾಸಿಯಾಗಲೆಂದೇ ಬಿಟ್ಟುಬಂದಿದ್ದರು. ವಿದ್ಯುತ್ತಿಗೆ ಹೆದರುವ ನಾವು ಸರಪಳಿಗೆ ಹೆದರಲಿಲ್ಲ ಎಂಬುದನ್ನು ಯೋಚಿಸಿ ನೋಡಬೇಕಾಗಿದೆ.

ಭಯದ ಮೂಲ

ಹಾಗೆಂದು ಜನರ ಭಯವು ಸಂಪೂರ್ಣ ಆಧಾರರಹಿತವಲ್ಲ. ಅದಕ್ಕೊಂದು ಇತಿಹಾಸವಿದೆ. 1934ರಲ್ಲಿ ಬುಡಾಪೆಸ್ಟ್‌ನ ವೈದ್ಯ ಲಾಡಿಸ್ಲಾಸ್ ಮೆಡೂನ ಅವರು ಕರ್ಪೂರದ ಚುಚ್ಚುಮದ್ದಿನಿಂದ ರೋಗಿಗಳಲ್ಲಿ ಅಪಸ್ಮಾರದಂಥ ಸೆಳವನ್ನು ಬರಿಸಿ ಮನೋರೋಗಕ್ಕೆ ಚಿಕಿತ್ಸೆ ಮಾಡತೊಡಗಿದರು. 1938ರಲ್ಲಿ ರೋಮ್ ನಗರದಲ್ಲಿ ಊಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬೀನಿ ಅದೇ ಸೆಳವನ್ನು ವಿದ್ಯುತ್ತಿನಿಂದ ಬರಿಸಿದರು. ಅಂದು ಅರಿವಳಿಕೆ ಇರಲಿಲ್ಲ. ಸೆಳವು ಬಂದಾಗ ಇಡೀ ದೇಹ ಎತ್ತಿ ಬಡಿಯುತ್ತಿತ್ತು; ಹಲ್ಲು ಮುರಿಯುತ್ತಿತ್ತು, ಬೆನ್ನುಮೂಳೆಯೂ ಬಿರುಕು ಬಿಡುತ್ತಿತ್ತು. ಹುಚ್ಚಾಸ್ಪತ್ರೆಗಳಲ್ಲಿ ಗದ್ದಲ ಮಾಡುವವರನ್ನು ಸುಮ್ಮನಾಗಿಸಲು ಅದನ್ನು ಶಿಕ್ಷೆಯಂತೆ ಬಳಸಿದ್ದೂ ಉಂಟು. ಆ ಅನ್ಯಾಯವನ್ನು ಮರೆಮಾಚುವ ಅಗತ್ಯವಿಲ್ಲ.

ಆ ಚಿತ್ರವನ್ನೇ ಸಿನಿಮಾ ಹಿಡಿದುಕೊಂಡಿತು. 1967ರ ಹಿಂದಿ ಚಿತ್ರ 'ಜ್ಯುವೆಲ್ ಥೀಫ್'ನಲ್ಲಿ ಖಳರು ನಾಯಕನ ನೆನಪನ್ನು ಅಳಿಸಲು ವಿದ್ಯುತ್ ಶಾಕ್ ಕೊಡುತ್ತಾರೆ. 1975ರ ಹಾಲಿವುಡ್ ಚಿತ್ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್'ನಲ್ಲಿ ಅದು ಎದುರು ಮಾತನಾಡಿದವನಿಗೆ ಸಿಗುವ ದಂಡನೆ. ಇಂದಿಗೂ ನಮ್ಮ ಮನಸ್ಸಿನಲ್ಲಿರುವುದು ಆ ದೃಶ್ಯವೇ. ಅದೇ ಕಾಲದ ಹೊಟ್ಟೆಯ ಶಸ್ತ್ರಚಿಕಿತ್ಸೆಯೂ ಇಂದಿನಂತಿರಲಿಲ್ಲ. ಆದರೆ ಅಪೆಂಡಿಕ್ಸ್ ಆಪರೇಷನ್ ಎಂದಾಗ ನಾವು ಹಿಂದಿನ ಕಾಲದ ಆಪರೇಷನ್ನನ್ನು ನೆನೆದು ಓಡಿಹೋಗುವುದಿಲ್ಲ.

ಇಂದು ನಡೆಯುವುದೇನು?

1950ರ ದಶಕದಿಂದ ಅರಿವಳಿಕೆ ಮತ್ತು ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಈ ಚಿಕಿತ್ಸೆಯ ರೂಪವೇ ಬದಲಾಯಿತು. ಆದರೆ ಆ ಬದಲಾವಣೆ ನಮ್ಮ ದೇಶದ ಎಲ್ಲ ಆಸ್ಪತ್ರೆಗಳಿಗೆ ತಲುಪಲು ದಶಕಗಳೇ ಬೇಕಾದವು. ಆದ್ದರಿಂದಲೇ ಸಂಸತ್ತು 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಮಾಡಿದಾಗ ಅದರ 95ನೇ ಸೆಕ್ಷನ್‌ನಲ್ಲಿ, ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧವಿಲ್ಲದೆ ಈ ಚಿಕಿತ್ಸೆ ನೀಡುವುದನ್ನು ನಿಷೇಧಿಸಿತು. 2018ರ ಮೇ 29ರಿಂದ ಈ ಕಾಯಿದೆ ಜಾರಿಯಲ್ಲಿದೆ. ಅದೇ 95ನೇ ಸೆಕ್ಷನ್ ಮನೋರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನೂ ನಿಷೇಧಿಸುತ್ತದೆ. ಹಳೆಯ ಆಸ್ಪತ್ರೆಯ ಕ್ರೌರ್ಯ ಮತ್ತು ಏರ್ವಾಡಿಯ ಕ್ರೌರ್ಯ ಎರಡನ್ನೂ ಕಾನೂನು ಒಂದೇ ಪುಟದಲ್ಲಿ ತಡೆದಿದೆ.

ಚಿಕಿತ್ಸೆಗೆ ಮೊದಲು ರಕ್ತ ಪರೀಕ್ಷೆ, ಇ.ಸಿ.ಜಿ. ಮುಂತಾದುವುಗಳ ಮೂಲಕ ಹೃದಯ, ಶ್ವಾಸಕೋಶ, ರಕ್ತದೊತ್ತಡವನ್ನು ನೋಡಲಾಗುತ್ತದೆ. ಮೆದುಳಿನೊಳಗೆ ಒತ್ತಡ ಹೆಚ್ಚಿರುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಮೆದುಳಿನ ರಕ್ತಸ್ರಾವ ಆದವರ ವಿಷಯದಲ್ಲಿ ಅಪಾಯ ಹೆಚ್ಚು. ಆದ್ದರಿಂದ ಹಳೆಯ ರೋಗಗಳನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಮುಚ್ಚಿಡದೆ ತಿಳಿಸಬೇಕು. ಹಿಂದಿನ ರಾತ್ರಿಯಿಂದ ರೋಗಿ ಏನನ್ನೂ ತಿನ್ನಬಾರದು. ಬೆಳಿಗ್ಗೆ ರಕ್ತನಾಳದ ಮೂಲಕ ಅರಿವಳಿಕೆ ಕೊಡಲಾಗುತ್ತದೆ. ರೋಗಿ ನಿದ್ದೆ ಹೋದ ಮೇಲೆ ಸ್ನಾಯು ಸಡಿಲಿಸುವ ಔಷಧ ಹೋಗುತ್ತದೆ. ಮುಖಕ್ಕೆ ಆಮ್ಲಜನಕ, ಹಲ್ಲುಗಳ ನಡುವೆ ರಬ್ಬರಿನ ತಡೆ. ಆ ಬಳಿಕ ತಲೆಯ ನಿಗದಿತ ಜಾಗಗಳಲ್ಲಿ ಇಟ್ಟ ಎರಡು ಎಲೆಕ್ಟ್ರೋಡುಗಳ ಮೂಲಕ, ಯಂತ್ರವು ಅಳೆದ ಪ್ರಮಾಣದ ವಿದ್ಯುತ್ತನ್ನು ಸೂಕ್ಷ್ಮ ಮಿಡಿತಗಳಾಗಿ ಕೆಲವೇ ಸೆಕೆಂಡುಗಳ ಕಾಲ ಹರಿಸುತ್ತದೆ. ಮೆದುಳಿನಲ್ಲಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುವ ಸೆಳವು ಉಂಟಾಗುತ್ತದೆ. ದೇಹ ಎತ್ತಿ ಬಡಿಯುವುದಿಲ್ಲ. ಕಾಲ ಬೆರಳಿನ ಅಥವಾ ಮುಖದ ಸಣ್ಣ ನಡುಕವಷ್ಟೇ ಕಾಣಬಹುದು. ಹತ್ತು-ಹದಿನೈದು ನಿಮಿಷದೊಳಗೆ ರೋಗಿ ಎಚ್ಚರಗೊಳ್ಳತೊಡಗುತ್ತಾನೆ. ಸ್ವಲ್ಪ ಹೊತ್ತು ಗಲಿಬಿಲಿ, ತಲೆನೋವು, ಮೈಕೈ ನೋವು, ವಾಕರಿಕೆ ಇರಬಹುದು. ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಸಾಮಾನ್ಯವಾಗಿ 6ರಿಂದ 12 ಸಲ ಚಿಕಿತ್ಸೆ ನಡೆಯುತ್ತದೆ.

ಚಿಕಿತ್ಸೆಗೆ ಗುಣವಾಗುವುದು ವಿದ್ಯುತ್ತಿನಿಂದಲ್ಲ, ಆ ಸೆಳವಿನಿಂದ ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಅದು ಮೆದುಳಿನ ರಾಸಾಯನಿಕ ಸಂವಹನವನ್ನೂ ನರಕೋಶಗಳ ಬೆಳವಣಿಗೆಯನ್ನೂ ಬದಲಿಸುತ್ತದೆ ಎಂದು ಕಂಡುಬಂದಿದೆ. ಪೂರ್ಣ ವಿವರಣೆ ವಿಜ್ಞಾನಕ್ಕೆ ಇನ್ನೂ ದೊರೆತಿಲ್ಲ. ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಮೊದಲೇ ಮನುಷ್ಯನು ಬಳಸಿ ಫಲ ಕಂಡ ಔಷಧಗಳು ಹಲವು.

ಒಂದು ಮಾತನ್ನು ಸಹೋದರಿಯರು ಆಗಾಗ ಕೇಳುತ್ತಾರೆ, ನಮಾಝ್ ಮತ್ತು ಉಪವಾಸದ ಗತಿಯೇನು ಎಂದು. ಪ್ರಜ್ಞೆ ತಪ್ಪಿದರೆ ವುಝೂ ಮುರಿಯುತ್ತದೆ. ಎಚ್ಚರವಾಗಿ ತಿಳಿವು ಮರಳಿದ ಮೇಲೆ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು. ರಮಝಾನಿನ ಉಪವಾಸದಿಂದ ರೋಗಿಗೆ ವಿನಾಯಿತಿ ಇರುವುದನ್ನು ಕುರ್‌ಆನೇ ತಿಳಿಸಿದೆ. ವಿಶೇಷವಾಗಿ ಲಿಥಿಯಂ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು.

ಫಲವೆಷ್ಟು, ನಷ್ಟವೆಷ್ಟು?

2003ರಲ್ಲಿ ಬ್ರಿಟನ್ನಿನ ಸಂಶೋಧಕರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬರೀ ಅರಿವಳಿಕೆ ಕೊಟ್ಟು ವಿದ್ಯುತ್ ಕೊಡದೆ ಬಿಟ್ಟವರಿಗಿಂತಲೂ, ಮಾತ್ರೆ ಮಾತ್ರ ತೆಗೆದುಕೊಂಡವರಿಗಿಂತಲೂ ಇ.ಸಿ.ಟಿ. ಪಡೆದವರಿಗೆ ಹೆಚ್ಚು ಗುಣ ಕಂಡಿತ್ತು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 60 ವರ್ಷ ದಾಟಿದ 240 ಖಿನ್ನತೆಯ ರೋಗಿಗಳ ಪೈಕಿ 100ಕ್ಕೆ ಸುಮಾರು 62 ಮಂದಿ ರೋಗಲಕ್ಷಣಗಳಿಂದ ಬಿಡುಗಡೆ ಹೊಂದಿದರು. ಪ್ರಾಣಾಪಾಯ ಎಷ್ಟೆಂದು ಕೇಳುವವರಿಗೂ ಉತ್ತರವಿದೆ. 32 ದೇಶಗಳ 7 ಲಕ್ಷದ 66 ಸಾವಿರಕ್ಕೂ ಹೆಚ್ಚು ಚಿಕಿತ್ಸೆಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಸಾವುಗಳು 16. ಅಂದರೆ ಲಕ್ಷ ಚಿಕಿತ್ಸೆಗಳಿಗೆ ಸುಮಾರು 2. ಊಟ ಬಿಟ್ಟು, ಸಾವನ್ನೇ ಬಯಸುತ್ತಾ ಮಲಗಿರುವ ರೋಗಿಯನ್ನು ಹಾಗೆಯೇ ಬಿಟ್ಟರೆ ಇರುವ ಅಪಾಯದೊಂದಿಗೆ ಇದನ್ನು ತೂಗಿ ನೋಡಬೇಕು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಭಾರವಿದೆ. ಅದು ನೆನಪಿನ ನಷ್ಟ. ಹೊಸದನ್ನು ಕಲಿಯುವ, ಗಮನವಿಡುವ ಶಕ್ತಿಯು ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮರಳುತ್ತದೆ. ಆದರೆ ಚಿಕಿತ್ಸೆಯ ಅವಧಿಯ ಮತ್ತು ಅದಕ್ಕೆ ಮುಂಚಿನ ವಾರ-ತಿಂಗಳುಗಳ ಕೆಲವು ಘಟನೆಗಳು ಮರಳದೆಯೂ ಇರಬಹುದು. 2003ರಲ್ಲಿ ಬ್ರಿಟನ್ನಿನಲ್ಲಿ ರೋಗಿಗಳ ಸ್ವಂತ ಹೇಳಿಕೆಗಳನ್ನೇ ಸಂಗ್ರಹಿಸಿ ನೋಡಿದಾಗ, ಕನಿಷ್ಠ ಮೂರನೇ ಒಂದು ಪಾಲು ಮಂದಿ ನೆನಪು ಮರಳಿಲ್ಲವೆಂದು ಹೇಳಿದ್ದರು. ಬಲಬದಿಗೆ ಮಾತ್ರ ವಿದ್ಯುತ್ ಹರಿಸುವ ವಿಧಾನದಲ್ಲಿ ಈ ನಷ್ಟ ಕಡಿಮೆ. ನೆನಪೇ ತನ್ನ ಜೀವನೋಪಾಯವಾಗಿರುವ ಶಿಕ್ಷಕನಿಗೋ ಹಾಫಿಝನಿಗೋ ಈ ವಿಷಯವನ್ನು ಮುಂಚಿತವಾಗಿ ಹೇಳದಿರುವುದು ಅನ್ಯಾಯ.

ನನ್ನ ಅಕ್ಕನಿಗೆ 9 ಸಲ ಚಿಕಿತ್ಸೆ ನಡೆಯಿತು. ಮೂರನೆಯದರ ಬಳಿಕ ಅವಳು ಸ್ವತಃ ಗಂಜಿಯ ಬಟ್ಟಲು ಎತ್ತಿಕೊಂಡಳು. ಆರನೆಯದರ ಬಳಿಕ ಮನೆಯಲ್ಲಿ ಯಾರು ಅಡಿಗೆ ಮಾಡುತ್ತಿದ್ದಾರೆಂದು ವಿಚಾರಿಸಿದಳು. ಎರಡು ತಿಂಗಳು ಒಂದು ಪ್ರಶ್ನೆಯನ್ನೂ ಕೇಳದಿದ್ದ ಅವಳು ಅಂದು ಕೇಳಿದ್ದನ್ನು ಅಮ್ಮ ಇಂದಿಗೂ ಹೇಳುತ್ತಾರೆ. ಆದರೆ ಆಸ್ಪತ್ರೆಗೆ ಸೇರುವ ಮೊದಲು ನಡೆದ ಮಗಳ ನಿಶ್ಚಿತಾರ್ಥ ಅವಳ ನೆನಪಿನಲ್ಲಿಲ್ಲ. ಫೋಟೋಗಳಲ್ಲಿ ತನ್ನನ್ನೇ ನೋಡಿ, 'ಈ ಸೀರೆ ನನ್ನದೇ' ಎನ್ನುತ್ತಾಳೆ, ಅಷ್ಟೇ. ಆ ನಷ್ಟವು ನಿಜವಾದ ನಷ್ಟ. ಮಗಳ ನಿಕಾಹ್‌ನಲ್ಲಿ ಅವಳು ಬದುಕಿದ್ದು ಕುಳಿತಿದ್ದಳು ಎಂಬುದೂ ಅಷ್ಟೇ ನಿಜ.

ವಿಮರ್ಶಕರೂ ಇದ್ದಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ರೀಡ್ ಮತ್ತು ಸಂಗಡಿಗರು 2019ರಲ್ಲಿ, ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದ ಪ್ರಯೋಗಗಳೆಲ್ಲ 1980ರ ದಶಕದ ನಡುವಿಗೇ ನಿಂತವು, ಅವು ಚಿಕ್ಕವು, ದೋಷಪೂರಿತ ಎಂದು ಆಕ್ಷೇಪಿಸಿದರು. ಬಹುಪಾಲು ಮನೋವೈದ್ಯರು ಆ ತೀರ್ಮಾನವನ್ನು ಒಪ್ಪುವುದಿಲ್ಲ. ಬೇರೆ ದಾರಿಗಳೂ ತೆರೆಯುತ್ತಿವೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮಾತ್ರೆಗಳಿಗೆ ಬಗ್ಗದ ಆದರೆ ಭ್ರಮೆಗಳಿಲ್ಲದ ಖಿನ್ನತೆಗೆ ಕೆಟಮಿನ್ ಎಂಬ ಔಷಧವು ಇ.ಸಿ.ಟಿ.ಗಿಂತ ಕಡಿಮೆಯೇನೂ ಅಲ್ಲವೆಂದು ಕಂಡಿತು. ಆದ್ದರಿಂದ 'ಬೇರೆ ಉಪಾಯವಿದೆಯೇ?' ಎಂದು ವೈದ್ಯರನ್ನು ಕೇಳುವುದು ಅಗೌರವವಲ್ಲ, ಹಕ್ಕು. ಆದರೆ ಭ್ರಮೆಯಿರುವ ಖಿನ್ನತೆ, ಅನ್ನನೀರು ಬಿಟ್ಟ ಸ್ಥಿತಿ, ಕಲ್ಲಿನಂತೆ ಕುಳಿತ ಸ್ಥಿತಿ, ಆತ್ಮಹತ್ಯೆಯ ತುರ್ತು ಅಪಾಯ ಇಂಥಲ್ಲಿ ಮಾತ್ರೆ ನಾಟುವವರೆಗಿನ ವಾರಗಳನ್ನು ಕಾಯಲು ಸಮಯವಿರುವುದಿಲ್ಲ. ಬಾಣಂತಿಯರ ತೀವ್ರ ಖಿನ್ನತೆಯಲ್ಲೂ ಈ ಚಿಕಿತ್ಸೆ ತಾಯಿ-ಮಗು ಇಬ್ಬರನ್ನೂ ಉಳಿಸಬಲ್ಲದು.

ಇನ್ನೊಂದನ್ನು ಒತ್ತಿ ಹೇಳಬೇಕಾಗಿದೆ. ಇ.ಸಿ.ಟಿ. ಮುಗಿದೊಡನೆ ರೋಗ ಬೇರುಸಹಿತ ಹೋಯಿತೆಂದು ತಿಳಿಯಬಾರದು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗುಣವಾದ ಬಳಿಕ ನಿಜವಾದ ಔಷಧ ದೊರೆಯದ 100 ಮಂದಿಗೆ 84 ಮಂದಿಯಂತೆ ಆರು ತಿಂಗಳೊಳಗೆ ರೋಗ ಮರುಕಳಿಸಿತು. ನಾರ್‌ಟ್ರಿಪ್ಟಿಲಿನ್ ಮತ್ತು ಲಿಥಿಯಂ ಎರಡನ್ನೂ ಸೇವಿಸಿದವರಲ್ಲಿ ಅದು 39ಕ್ಕೆ ಇಳಿಯಿತು. 'ಈಗ ಚೆನ್ನಾಗಿದ್ದಾಳಲ್ಲ, ಮಾತ್ರೆ ಯಾಕೆ?' ಎಂದು ಮನೆಯ ಹಿರಿಯರು ಕೇಳುವ ಒಂದು ಪ್ರಶ್ನೆಯು ಒಂಬತ್ತು ಚಿಕಿತ್ಸೆಗಳ ಫಲವನ್ನು ನೀರಿನಲ್ಲಿ ಹೋಮ ಮಾಡಬಲ್ಲದು.

ಒಪ್ಪಿಗೆ ಯಾರದು?

ನಮ್ಮ ಮನೆಗಳಲ್ಲಿ ರೋಗಿಯ ಬಗ್ಗೆ ತೀರ್ಮಾನ ಕೈಗೊಳ್ಳುವವರು ಅಣ್ಣ, ಮಾವ, ಗಂಡ, ದೊಡ್ಡಪ್ಪ. ರೋಗಿಯನ್ನು ಕೇಳುವುದೇ ಇಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ತಿಳಿದು ನಿರ್ಧರಿಸುವ ಸಾಮರ್ಥ್ಯವಿರುವ ರೋಗಿಯ ಒಪ್ಪಿಗೆ ರೋಗಿಯದೇ. ಅವರ ನಿರ್ಧಾರ ನಮಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲವೆಂದು ಹೇಳುವಂತಿಲ್ಲ. ಸಾಮರ್ಥ್ಯ ಕುಂದಿದಾಗ ಅವರ ನಾಮನಿರ್ದೇಶಿತ ಪ್ರತಿನಿಧಿ ನೆರವಾಗುತ್ತಾರೆ. ಆ ಪ್ರತಿನಿಧಿ ಯಾರಾಗಬೇಕು, ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಆರೋಗ್ಯವಾಗಿರುವಾಗಲೇ ಬರೆದಿಡುವ ಅವಕಾಶವೂ ಕಾಯಿದೆಯಲ್ಲಿದೆ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇ.ಸಿ.ಟಿ. ಕೊಡುವಂತಿಲ್ಲ. 18 ವರ್ಷಕ್ಕಿಂತ ಕಿರಿಯರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು.

ಈ ಮಾತು ವಿಶೇಷವಾಗಿ ನಮ್ಮ ಸಹೋದರಿಯರ ದೃಷ್ಟಿಯಿಂದ ಮುಖ್ಯ. ಹೆರಿಗೆಯ ಬಳಿಕ ಖಿನ್ನತೆಗೆ ಒಳಗಾದ ಸೊಸೆಯನ್ನು ತವರಿಗೆ ಬಿಟ್ಟು, 'ಹುಚ್ಚಿಯನ್ನು ಕಟ್ಟಿದರು' ಎಂದು ತಲಾಕಿನ ಮಾತೆತ್ತುವವರು ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಯ ಚೀಟಿಯನ್ನು ಜಮಾಅತಿನ ಮುಂದೆ ಪುರಾವೆಯಂತೆ ಹರಡುತ್ತಾರೆ. ಜಮಾಅತಿನ ಪದಾಧಿಕಾರಿಗಳು ತಿಳಿದಿರಬೇಕು: 2017ರ ಕಾಯಿದೆಯ ಪ್ರಕಾರ ಮಾನಸಿಕ ರೋಗವಿದೆ ಎಂದ ಮಾತ್ರಕ್ಕೆ, ನ್ಯಾಯಾಲಯ ಘೋಷಿಸದೆ, ಯಾರನ್ನೂ ಬುದ್ಧಿ ಸ್ವಸ್ಥವಿಲ್ಲದವರೆಂದು ತಿಳಿಯುವಂತಿಲ್ಲ. ಚಿಕಿತ್ಸೆಯ ಗೌಪ್ಯತೆ ರೋಗಿಯ ಹಕ್ಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಂಡವಳ ಚೀಟಿಯನ್ನು ಹೀಗೆ ಹರಡುವವರಿದ್ದಾರೆಯೇ? ಗಂಡಸಿಗೆ ಇದೇ ರೋಗ ಬಂದರೆ ಹೆಂಡತಿ ಸೇವೆ ಮಾಡಬೇಕು, ಹೆಂಡತಿಗೆ ಬಂದರೆ ಗಂಡ ಕೈತೊಳೆದುಕೊಳ್ಳಬಹುದು ಎಂಬ ನ್ಯಾಯ ಎಲ್ಲಿಯದು?

ಮುಚ್ಚಿಡುವ ರೋಗ

ಈ ಮುಚ್ಚಿಡುವಿಕೆ ನಮ್ಮ ಸಮುದಾಯಕ್ಕೆ ಮಾತ್ರ ಸೀಮಿತವಲ್ಲ. 1972ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷವು ಉಪಾಧ್ಯಕ್ಷ ಸ್ಥಾನಕ್ಕೆ ಸೆನೆಟರ್ ಥಾಮಸ್ ಈಗಲ್‌ಟನ್‌ರನ್ನು ಹೆಸರಿಸಿತು. ಖಿನ್ನತೆಗಾಗಿ ಅವರು ಹಿಂದೆ ಇ.ಸಿ.ಟಿ. ಪಡೆದಿದ್ದರೆಂದು ಬಹಿರಂಗವಾದಾಗ ಕೆಲವೇ ದಿನಗಳಲ್ಲಿ ಅವರನ್ನು ಕಣದಿಂದ ಹಿಂದೆ ಸರಿಸಲಾಯಿತು. ಆದರೆ ಅವರ ಸ್ವಂತ ರಾಜ್ಯ ಮಿಸೌರಿಯ ಮತದಾರರು 1974ರಲ್ಲೂ 1980ರಲ್ಲೂ ಅವರನ್ನೇ ಮತ್ತೆ ಸೆನೆಟ್‌ಗೆ ಆರಿಸಿ ಕಳುಹಿಸಿದರು. ರಾಜಕಾರಣಿಗಳಿಗೆ ಇಲ್ಲದ ವಿವೇಕ ಸಾಮಾನ್ಯ ಜನರಿಗಿತ್ತು. ನಮ್ಮ ಕನ್ನಡದಲ್ಲೇ ತ್ರಿವೇಣಿಯವರ ಕಾದಂಬರಿ ಆಧಾರಿತ 'ಶರಪಂಜರ' 1971ರಲ್ಲಿ ಚಿತ್ರವಾಗಿ ಬಂದಾಗ ಕಲ್ಪನಾ ಅಭಿನಯಿಸಿದ ಕಾವೇರಿಯನ್ನು ನೋಡಿ ಜನ ಕಣ್ಣೀರಿಟ್ಟರು. ಅವಳು ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬಂದಿದ್ದಳು. ಅವಳನ್ನು ಮತ್ತೆ ಕೆಡಿಸಿದ್ದು ಗುಣವಾಗಿದ್ದಾಳೆಂದು ನಂಬದ ಮನೆ ಮತ್ತು ಸಮಾಜ. ತೆರೆಯ ಮೇಲಿನ ಕಾವೇರಿಗೆ ಅತ್ತವರು ಪಕ್ಕದ ಮನೆಯ ಕಾವೇರಿಗೆ ಬಾಗಿಲು ಮುಚ್ಚಿದರು.

ನನ್ನ ಅಕ್ಕ ಆಸ್ಪತ್ರೆಯಲ್ಲಿದ್ದಾಗ ಸಂಬಂಧಿಕರಲ್ಲಿ ಕೆಲವರು ಊರಿನಲ್ಲಿ ಪಿತ್ತಕೋಶದ ಆಪರೇಷನ್ ಎಂದು ಹೇಳಿಬಿಟ್ಟಿದ್ದರು. ಮನೆಗೆ ಬಂದ ಮೇಲೆ ಹಣ್ಣು ಹಿಡಿದು ಇಯಾದತ್‌ಗೆ ಬಂದವರು ಹೊಲಿಗೆ ಒಣಗಿತೇ ಎಂದು ಕೇಳುತ್ತಿದ್ದರು. ನಾಲ್ಕೈದು ದಿನ ಕೇಳಿಸಿಕೊಂಡ ಅಕ್ಕ ಒಂದು ದಿನ ತಾನೇ, 'ಹೊಲಿಗೆ ಇಲ್ಲ, ನನಗೆ ಖಿನ್ನತೆ ಆಗಿತ್ತು, ಇ.ಸಿ.ಟಿ. ಕೊಟ್ಟರು, ಈಗ ಪರವಾಗಿಲ್ಲ' ಎಂದು ನೇರವಾಗಿ ಹೇಳಿದಳು. ಕೋಣೆ ಒಂದು ಕ್ಷಣ ಮೌನವಾಯಿತು. ಬಂದವರಲ್ಲಿ ಒಬ್ಬರು ಹೋಗುವಾಗ ಅಮ್ಮನನ್ನು ಪಕ್ಕಕ್ಕೆ ಕರೆದು ಆಸ್ಪತ್ರೆಯ ವಿಳಾಸ ಕೇಳಿದರು. ಅವರ ಮನೆಯಲ್ಲೂ ಒಬ್ಬರು ಮಲಗಿದ್ದರು. ಒಂದು ಸುಳ್ಳು ಎಷ್ಟು ಮನೆಗಳ ದಾರಿಯನ್ನು ಮುಚ್ಚಿಬಿಡುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ನಮ್ಮ ಹೊಣೆ

ಸಹೋದರರೇ, ಇನ್ನು ನಾವು ಮಾಡಬೇಕಾದುದು. ಗುಜರಾತಿನ ಮೆಹ್ಸಾನಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2000ರ ದಶಕದ ಕೊನೆಯಲ್ಲಿ 'ದವಾ ಔರ್ ದುಆ' ಎಂಬ ಯೋಜನೆ ಆರಂಭವಾಯಿತು. ಅಲ್ಲಿಗೆ ಬರುವ ಮನೋರೋಗಿಗಳನ್ನು ಗುರುತಿಸಿ ಅಲ್ಲೇ ಇರುವ ವೈದ್ಯರ ಬಳಿಗೆ ಕಳುಹಿಸಲು ಮುಜಾವರರಿಗೆ ತರಬೇತಿ ನೀಡಲಾಯಿತು. ದರ್ಗಾಗಳ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ರೋಗಿ ಯಾವ ಬಾಗಿಲಿಗೆ ಬರುತ್ತಾನೋ ಆ ಬಾಗಿಲಿನಿಂದಲೇ ಅವನನ್ನು ವೈದ್ಯರ ಬಳಿಗೆ ದಾಟಿಸುವ ಆ ವಿವೇಕವನ್ನು ಅಲ್ಲಗಳೆಯಲಾಗದು. ನಮ್ಮ ಇಮಾಮರು, ರುಖ್ಯಾ ಓದುವವರು, 'ದುಆ ಮಾಡುತ್ತೇನೆ, ನೀವು ನಾಳೆಯೇ ವೈದ್ಯರ ಬಳಿಗೆ ಹೋಗಿ' ಎಂಬ ಒಂದು ವಾಕ್ಯ ಹೇಳಿದರೆ ಅದು ನೂರು ಭಾಷಣಗಳಿಗೆ ಸಮ.

ಹೋಗುವುದೆಲ್ಲಿಗೆ? ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮದ ವೈದ್ಯರು ನಮ್ಮ ಜಿಲ್ಲಾಸ್ಪತ್ರೆಯಲ್ಲಿದ್ದಾರೆಯೇ, ಔಷಧ ದೊರೆಯುತ್ತಿದೆಯೇ ಎಂದು ಚುನಾವಣೆಗೆ ಮತ ಕೇಳಲು ಬರುವವರನ್ನು ಕೇಳಬೇಕು. ಸ್ಮಶಾನದ ಗೋಡೆಗೆ ಅನುದಾನ ಕೇಳುವ ನಾವು ಆಸ್ಪತ್ರೆಯ ಮನೋವೈದ್ಯನನ್ನು ಕೇಳಿದ್ದುಂಟೇ? 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣ ತೆರಬೇಕಾಗಿಲ್ಲ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ಸಮಯದ ಪಕ್ಕದಲ್ಲಿ ಆ ಐದು ಅಂಕೆಗಳಿಗೆ ಜಾಗವಿದೆ.

ವೈದ್ಯರು ಇ.ಸಿ.ಟಿ. ಸೂಚಿಸಿದರೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಯಾಕೆ ಬೇಕು? ಬೇರೆ ದಾರಿ ಏನಿದೆ? ಅರಿವಳಿಕೆ ತಜ್ಞರು ಇರುತ್ತಾರೆಯೇ? ಒಂದು ಬದಿಗೋ ಎರಡೂ ಬದಿಗೋ? ನೆನಪನ್ನು ಆಗಾಗ ಪರೀಕ್ಷಿಸುತ್ತೀರಾ? ಮುಗಿದ ಬಳಿಕ ಯಾವ ಔಷಧ, ಎಷ್ಟು ಕಾಲ? ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವವರನ್ನು ನಂಬಬಹುದು. ಉತ್ತರಿಸಲು ಒಪ್ಪದವರಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಆದರೆ ಅಭಿಪ್ರಾಯ ಹುಡುಕುವ ನೆಪದಲ್ಲಿ ದಿನಗಳನ್ನು ಕಳೆಯಬೇಡಿ, ರೋಗಿಯನ್ನು ಒಂಟಿಯಾಗಿ ಬಿಡಬೇಡಿ.

ಕೊನೆಯದಾಗಿ, ಮೂತ್ರಪಿಂಡದ ಆಪರೇಷನ್ ಆದವನನ್ನು ನೋಡಲು ಐವತ್ತು ಮಂದಿ ಹೋಗುತ್ತೇವೆ. ಮನೋರೋಗ ವಿಭಾಗದಲ್ಲಿರುವವನನ್ನು ನೋಡಲು ಒಬ್ಬನೂ ಹೋಗುವುದಿಲ್ಲ. ರೋಗಿಯ ಭೇಟಿ ಸುನ್ನತ್ ಎಂದು ನಾವೆಲ್ಲ ಬಲ್ಲೆವು. ಅದು ಯಾವ ವಾರ್ಡಿಗೆ ಅನ್ವಯಿಸುವುದಿಲ್ಲವೆಂದು ಎಲ್ಲೂ ಹೇಳಿಲ್ಲ. ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಉಪದೇಶ ಬೇಡ. ಅವರು ಇನ್ನೂ ನಮ್ಮವರೇ ಎಂಬುದು ಅವರಿಗೆ ತಿಳಿದರೆ ಸಾಕು.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಅವರ ಆರೈಕೆಯಲ್ಲಿ ನಿದ್ದೆಗೆಟ್ಟಿರುವ ತಾಯಂದಿರಿಗೆ, ಮಕ್ಕಳಿಗೆ ಸಹನೆಯನ್ನೂ ನಮಗೆಲ್ಲ ವಿವೇಕವನ್ನೂ ನೀಡಲಿ, ಆಮೀನ್. ವಸ್ಸಲಾಮ್.